ಬ್ರೂಜ್ ಚೆಂದವೇ, ಆದರೆ ಈಪರ್‌ಗೆ ಇನ್ನೊಂದು ದಿನ ಕೊಡಿ

ಬೆಲ್ಜಿಯಂನ ಫ್ಲಾಂಡರ್ಸ್ ಕಡೆಗೆ ಮಾರುವ ಸಣ್ಣ ಗುಂಪಿನ ಪ್ಯಾಕೇಜುಗಳೆಲ್ಲ ಹೆಚ್ಚುಕಡಿಮೆ ಒಂದೇ ಎರಕ. ಏಳೆಂಟು ಜನ ಕೂರುವ ವ್ಯಾನು, ಒಬ್ಬ ಗೈಡು, ಮೊದಲ ಮಹಾಯುದ್ಧದ ಸ್ಮಾರಕಗಳು, ಕೊನೆಗೆ ಬಾಯಿ ಸಿಹಿ ಮಾಡಿಕೊಳ್ಳಲು ಬ್ರೂಜ್ ನಗರ. ನಾನೂ ಅಂಥದ್ದೇ ಒಂದರಲ್ಲಿ ಹೋಗಿ ಬಂದೆ. ಬಂದವರೆಲ್ಲ ಬ್ರೂಜ್‌ನ ಕಾಲುವೆ, ಹಂಸ, ಚಾಕೊಲೇಟ್ ಅಂಗಡಿಯ ಫೋಟೊ ಹಾಕುತ್ತಾರೆ. ನಾನೂ ಹಾಕಿದ್ದೇನೆ, ಕೆಳಗೆ ಸ್ಕ್ರಾಲ್ ಮಾಡಿದರೆ ಸಿಗುತ್ತವೆ. ನನ್ನ ತಕರಾರು ಇರುವುದು ಆ ಪ್ಯಾಕೇಜಿನ ಲೆಕ್ಕಾಚಾರದ ಮೇಲೆ. ಅದರಲ್ಲಿ ಐತಿಹಾಸಿಕ ನಗರ ಅಂದರೆ ಬ್ರೂಜ್ ಮಾತ್ರ. ಈಪರ್ (ಇಂಗ್ಲಿಷ್ ಪುಸ್ತಕಗಳಲ್ಲಿ ಈಪ್ರ ಅಂತ ಬರುವ ಊರು) ಅಂದರೆ ಸಂಜೆ ಊಟ ಮುಗಿಸಿ, ಯುದ್ಧಸ್ಮಾರಕದಲ್ಲಿ ಬ್ಯೂಗಲ್ ಕೇಳಿಕೊಂಡು ಹೊರಡುವ ಜಾಗ. ಅಲ್ಲಿ ಹಳೆಯದೇನೂ ಉಳಿದಿಲ್ಲವಲ್ಲ, ಎಲ್ಲ ಯುದ್ಧ ಆದಮೇಲೆ ಕಟ್ಟಿದ್ದು, ಒಂಥರಾ ಸಿನಿಮಾ ಸೆಟ್ಟು ಅಂತ ನಮ್ಮ ವ್ಯಾನಿನಲ್ಲೇ ಒಬ್ಬರು ಮೂಗು ಮುರಿದರು. ಈ ಬರಹ ಬಹುಮಟ್ಟಿಗೆ ಅವರಿಗೇ ಉತ್ತರ.

ಅದಕ್ಕೂ ಮೊದಲು ಗೈಡಿನ ವಿಷಯ. ಯುದ್ಧಭೂಮಿಗೆ ಗೈಡು ಯಾಕೆ, ಮೊಬೈಲ್ ಸಾಲದೇ ಅಂತ ಕೇಳುವವರಿದ್ದಾರೆ. ಸಾಲದು. ಯಾಕೆಂದರೆ ಅಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಆಲೂಗಡ್ಡೆ ಹೊಲ, ಮೇಯುವ ದನ, ಇಟ್ಟಿಗೆ ಮನೆಗಳು, ಅಷ್ಟೇ. ಪ್ಯಾಶನ್‌ಡೇಲ್ ದಿಣ್ಣೆ ಅನ್ನುವುದನ್ನು ನಾನು ಓದಿಕೊಂಡು ಹೋಗಿದ್ದೆ, ದೊಡ್ಡ ಗುಡ್ಡ ಇರಬೇಕು ಅಂದುಕೊಂಡಿದ್ದೆ. ವ್ಯಾನು ಏರು ಹತ್ತಿದ್ದೇ ಗೊತ್ತಾಗಲಿಲ್ಲ. ಸಮುದ್ರಮಟ್ಟದಿಂದ ಐವತ್ತು ಮೀಟರ್ ಆಸುಪಾಸು ಎತ್ತರ ಅಷ್ಟೇ. ಅಲ್ಲಿನ ಟೈನ್ ಕಾಟ್ ಎಂಬ ಬ್ರಿಟಿಷ್ ಸೈನಿಕ ಸ್ಮಶಾನದ ಮೇಲ್ತುದಿಗೆ ಕರೆದುಕೊಂಡು ಹೋಗಿ ಗೈಡು ಹಿಂದೆ ತಿರುಗಿ ನೋಡಿ ಅಂದ. ದೂರದಲ್ಲಿ ಈಪರ್‌ನ ಗೋಪುರಗಳು ಸ್ಪಷ್ಟವಾಗಿ ಕಂಡವು. ಈ ಸಣ್ಣ ಏರಿನ ಮೇಲೆ ಕೂತವನಿಗೆ ಕೆಳಗಿನ ಒಂದೊಂದು ಚಲನೆಯೂ ಕಾಣುತ್ತದೆ. ಈಪರ್‌ನಿಂದ ಇಲ್ಲಿಗೆ ಹತ್ತು ಕಿಲೋಮೀಟರ್ ಕೂಡ ಇಲ್ಲ. 1917ರ ಜುಲೈ 31ಕ್ಕೆ ಜರ್ಮನ್ನರ ಮೇಲೆ ಬ್ರಿಟಿಷರು ಶುರು ಮಾಡಿದ ದಾಳಿ ಈ ದಿಣ್ಣೆಯ ಮೇಲಿನ ಪ್ಯಾಶನ್‌ಡೇಲ್ ಹಳ್ಳಿ ಹಿಡಿಯುವಷ್ಟರಲ್ಲಿ ನವೆಂಬರ್ ಆಗಿತ್ತು. ನೆಲ ಜೇಡಿಮಣ್ಣು, ನೀರು ಇಂಗುವುದಿಲ್ಲ. ತಲೆಮಾರುಗಳಿಂದ ರೈತರು ತೋಡಿಟ್ಟಿದ್ದ ಬಸಿಗಾಲುವೆಗಳನ್ನು ಫಿರಂಗಿಗಳು ಪುಡಿ ಮಾಡಿದವು, ಮೇಲಿಂದ ಮಳೆ ಸುರಿಯಿತು. ಗಾಯಗೊಂಡವರು ಗುಂಡಿಯ ಕೆಸರಿನಲ್ಲಿ ಮುಳುಗಿ ಸತ್ತರು. ಇದನ್ನೆಲ್ಲ ಆ ಏರಿನಲ್ಲಿ ನಿಂತು ಕೇಳುವುದಕ್ಕೂ ಪುಸ್ತಕದಲ್ಲಿ ಓದುವುದಕ್ಕೂ ವ್ಯತ್ಯಾಸ ಇದೆ.

ಟೈನ್ ಕಾಟ್‌ನಲ್ಲಿ ಹನ್ನೆರಡು ಸಾವಿರಕ್ಕೆ ಸಮೀಪ ಸಮಾಧಿಗಳು. ಅದರಲ್ಲಿ 8,300ಕ್ಕೂ ಹೆಚ್ಚು ಕಲ್ಲುಗಳ ಮೇಲೆ ಹೆಸರೇ ಇಲ್ಲ. ಜನರಲ್ ಆಗಿರಲಿ, ಸಾಮಾನ್ಯ ಸಿಪಾಯಿ ಆಗಿರಲಿ, ಒಂದೇ ಅಳತೆಯ ಬಿಳಿ ಕಲ್ಲು. ಹಣವಿದ್ದವರು ಹೆಣವನ್ನು ಮನೆಗೆ ಸಾಗಿಸುವುದಕ್ಕೂ ಆಗ ಅನುಮತಿ ಇರಲಿಲ್ಲ. ಗೋಡೆಯಲ್ಲಿ ಪುಟ್ಟ ಕಂಚಿನ ಬಾಗಿಲಿನ ಗೂಡು ಇರುತ್ತದೆ, ಒಳಗೆ ಸಮಾಧಿಗಳ ರಿಜಿಸ್ಟರ್. ಯಾರು ಬೇಕಾದರೂ ತೆಗೆದು ನೋಡಬಹುದು. ಟಿಕೆಟ್ ಇಲ್ಲ, ಕಾವಲುಗಾರ ಇಲ್ಲ. ಅಂದರೆ ಟೂರಿಗೆ ನೀವು ಕೊಡುವ ಯೂರೋಗಳೆಲ್ಲ ವ್ಯಾನಿಗೆ ಮತ್ತು ಆ ಗೈಡಿನ ತಲೆಯಲ್ಲಿರುವುದಕ್ಕೆ. ದುಡ್ಡು ಕೊಟ್ಟದ್ದಕ್ಕೆ ನನಗಂತೂ ಬೇಸರವಿಲ್ಲ.

ಗುಂಪು ಸಣ್ಣದಾಗಿರಬೇಕು ಅನ್ನುವುದಕ್ಕೆ ಇನ್ನೂ ಒಂದು ಕಾರಣ. ದೊಡ್ಡ ಬಸ್ಸುಗಳು ಹೋಗದ ಹೊಲದ ದಾರಿಗಳಲ್ಲಿ ವ್ಯಾನು ನುಗ್ಗುತ್ತದೆ. ಅಂಥ ಒಂದು ದಾರಿಯ ಪಕ್ಕದಲ್ಲಿ, ಕಂಬದ ಬುಡದಲ್ಲಿ, ತುಕ್ಕು ಹಿಡಿದು ಮಣ್ಣು ಮೆತ್ತಿದ ಎರಡು ಶೆಲ್‌ಗಳನ್ನು ಯಾರೋ ಒರಗಿಸಿ ಇಟ್ಟಿದ್ದರು, ಹಾಲಿನವನು ಬಂದು ಒಯ್ಯಲಿ ಅಂತ ಕ್ಯಾನು ಇಟ್ಟ ಹಾಗೆ. ಉಳುವಾಗ ಸಿಕ್ಕಿದ್ದು. ರೈತ ಫೋನ್ ಮಾಡುತ್ತಾನೆ, ಬೆಲ್ಜಿಯಂ ಸೇನೆಯ ಬಾಂಬ್ ನಿಷ್ಕ್ರಿಯ ದಳ ಬಂದು ಎತ್ತಿಕೊಂಡು ಹೋಗುತ್ತದೆ. ನೂರು ವರ್ಷ ದಾಟಿದರೂ ಈ ಬೆಳೆ ನಿಂತಿಲ್ಲ. ಕೆಲವು ಶೆಲ್‌ಗಳಲ್ಲಿ ಈಗಲೂ ವಿಷಾನಿಲ ಇರುತ್ತದೆ. ಗೈಡು ನಮ್ಮನ್ನು ಇಳಿಯಲು ಬಿಡಲಿಲ್ಲ, ಕಿಟಕಿಯಿಂದಲೇ ನೋಡಿದೆವು.

ಲಾಂಗೆಮಾರ್ಕ್‌ನ ಜರ್ಮನ್ ಸ್ಮಶಾನವನ್ನು ಹಲವರು ಬಿಟ್ಟುಬಿಡುತ್ತಾರೆ, ಸೋತವರದ್ದಲ್ಲವೇ. ಬಿಡಬೇಡಿ. ಓಕ್ ಮರಗಳ ನೆರಳು, ನೆಲಕ್ಕೆ ಅಂಟಿದ ಚಪ್ಪಟೆ ಕಲ್ಲುಗಳು, ಒಂದೊಂದರ ಕೆಳಗೂ ಹಲವು ಜನ. ಒಟ್ಟು 44,000ಕ್ಕೂ ಮೇಲೆ, ಅದರಲ್ಲಿ ಸುಮಾರು 25,000 ಮಂದಿ ಒಂದೇ ಸಾಮೂಹಿಕ ಗುಂಡಿಯಲ್ಲಿ. ಬ್ರಿಟಿಷ್ ಸ್ಮಶಾನಗಳ ಗುಲಾಬಿ ಗಿಡ, ಕತ್ತರಿಸಿದ ಹುಲ್ಲುಹಾಸು ನೋಡಿ ಯುದ್ಧ ಏನೋ ಗಂಭೀರವಾಗಿ, ಅಚ್ಚುಕಟ್ಟಾಗಿ ನಡೆದಿತ್ತು ಅನ್ನಿಸಿದ್ದರೆ, ಇಲ್ಲಿ ಅದು ಹೋಗುತ್ತದೆ.

ಈಗ ನನ್ನ ಮುಖ್ಯ ಸಂಕಟಕ್ಕೆ ಬರುತ್ತೇನೆ. ನಮ್ಮ ಪಟ್ಟಿಯಲ್ಲಿ ಕೆನಡಾದವರ ಸ್ಮಾರಕ ಇತ್ತು, ಬ್ರಿಟಿಷರದ್ದು ಇತ್ತು, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನವರ ಕಥೆ ಇತ್ತು. ಭಾರತದ ಹೆಸರೇ ಇರಲಿಲ್ಲ. 1914ರ ಅಕ್ಟೋಬರ್ ಕೊನೆಗೆ, ಬ್ರಿಟಿಷ್ ಸಾಲು ಹರಿದುಹೋಗುವ ಹಂತದಲ್ಲಿದ್ದಾಗ, ತೆಳು ಖಾಕಿಯಲ್ಲೇ ಯುರೋಪಿಗೆ ಬಂದಿಳಿದಿದ್ದ ಭಾರತೀಯ ತುಕಡಿಗಳನ್ನು ತಂದು ಈಪರ್‌ನ ದಕ್ಷಿಣಕ್ಕೆ ತುಂಬಿದರು. ಅಕ್ಟೋಬರ್ 31ರಂದು ಹೊಲ್ಲೆಬೆಕೆ ಎಂಬ ಹಳ್ಳಿಯ ಹತ್ತಿರ 129ನೇ ಬಲೂಚಿ ರೆಜಿಮೆಂಟಿನ ಸಿಪಾಯಿ ಖುದಾದಾದ್ ಖಾನ್, ಜೊತೆಯಲ್ಲಿ ಮೆಷಿನ್ ಗನ್ ನಡೆಸುತ್ತಿದ್ದವರೆಲ್ಲ ಸತ್ತ ಮೇಲೂ, ತಾನು ಗಾಯಗೊಂಡಿದ್ದರೂ ಗುಂಡು ಹಾರಿಸುತ್ತ ನಿಂತ. ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸಿಪಾಯಿ ಅವನೇ. ಮುಂದಿನ ವರ್ಷ ಏಪ್ರಿಲ್ 22ಕ್ಕೆ ಜರ್ಮನ್ನರು ಇಲ್ಲಿ ಕ್ಲೋರಿನ್ ಅನಿಲ ಬಿಟ್ಟರು. ನಾಲ್ಕು ದಿನ ಕಳೆದು ಭಾರತೀಯ ಸೇನೆಯ ಲಾಹೋರ್ ಡಿವಿಜನ್ನನ್ನು ಅದೇ ಅನಿಲದ ಬಾಯಿಗೆ ನಡೆಸಿದರು. ಸರಿಯಾದ ಮುಖಗವಸು ಯಾರಿಗೂ ಇರಲಿಲ್ಲ. ಅವತ್ತು ಜಮಾದಾರ್ (ಆಗಿನ ಭಾರತೀಯ ಸೇನೆಯಲ್ಲಿ ಕಿರಿಯ ಅಧಿಕಾರಿಯ ದರ್ಜೆ) ಮೀರ್ ದಸ್ತ್, ತಾನೂ ಅನಿಲ ಕುಡಿದು, ಗಾಯಗೊಂಡ ಎಂಟು ಜನ ಅಧಿಕಾರಿಗಳನ್ನು ಸುರಕ್ಷಿತ ಜಾಗಕ್ಕೆ ಸಾಗಿಸಲು ನೆರವಾದ. ಅವನಿಗೂ ವಿಕ್ಟೋರಿಯಾ ಕ್ರಾಸ್ ಬಂತು. ಕೆನಡಾದವರು ಅನಿಲ ಎದುರಿಸಿದ ಜಾಗದಲ್ಲಿ ತಲೆ ತಗ್ಗಿಸಿದ ಯೋಧನ ಎತ್ತರದ ಶಿಲ್ಪ ಇದೆ, ನೋಡಲೇಬೇಕಾದ್ದು. ಆದರೆ ಅದರ ಮುಂದೆ ನಿಂತು ಲಾಹೋರ್ ಡಿವಿಜನ್ ಬಗ್ಗೆ ಒಂದು ವಾಕ್ಯವನ್ನೂ ಹೇಳದ ಟೂರನ್ನು ಏನಂತ ಕರೆಯೋಣ?

ನಾನು ಕೇಳಿದೆ. ಇಲ್ಲೇ ಸಣ್ಣ ಗುಂಪಿನ ಲಾಭ. ಐವತ್ತು ಜನರ ಬಸ್ಸಿನಲ್ಲಿ ನನ್ನ ಪ್ರಶ್ನೆ ಮೈಕಿನ ಸದ್ದಿನಲ್ಲಿ ಕರಗಿಹೋಗುತ್ತಿತ್ತು. ಇಲ್ಲಿ ಗೈಡು ಉಳಿದವರನ್ನು ವಿಚಾರಿಸಿದ, ಎಲ್ಲರೂ ಒಪ್ಪಿದರು, ವ್ಯಾನು ಹೊಲ್ಲೆಬೆಕೆ ಕಡೆಗೆ ತಿರುಗಿತು. ನಾವು ಇಳಿದ ಕಡೆ ಮೆಕ್ಕೆಜೋಳದ ಹೊಲ, ಒಂದು ಟ್ರ್ಯಾಕ್ಟರು, ಬೇಲಿ, ಬೇರೇನಿಲ್ಲ. ಅಲ್ಲಿ ಅವನು ಹಳೇ ನಕ್ಷೆ ಬಿಚ್ಚಿ ಕಂದಕದ ಸಾಲು ಯಾವ ಕಡೆಯಿಂದ ಯಾವ ಕಡೆಗೆ ಹೋಗಿತ್ತು ಅಂತ ಬೆರಳಿಟ್ಟು ತೋರಿಸಿದ. ಚೆನ್ನಾಗಿಯೇ ಗೊತ್ತಿತ್ತು ಅವನಿಗೆ! ಮತ್ತೆ ಪಟ್ಟಿಯಲ್ಲಿ ಯಾಕಿಲ್ಲ ಅಂದರೆ, ಯಾರೂ ಕೇಳುವುದಿಲ್ಲ ಅಂದ. ಆ ಮಾತಿನಲ್ಲಿ ನಮ್ಮ ಪಾಲೂ ಇದೆ. ಪರದೇಶದ ಯುದ್ಧ, ಬ್ರಿಟಿಷರಿಗಾಗಿ ಸತ್ತವರು ಅಂತ ನಾವೇ ಇವರನ್ನು ಪಕ್ಕಕ್ಕಿಟ್ಟಿದ್ದೇವೆ. ಮೈಸೂರು ಲ್ಯಾನ್ಸರ್ಸ್ 1918ರಲ್ಲಿ ಹೈಫಾದಲ್ಲಿ ಕಾದಾಡಿದ್ದಾದರೂ ನಮ್ಮವರಲ್ಲಿ ಕೆಲವರಿಗೆ ಗೊತ್ತು. ಫ್ಲಾಂಡರ್ಸ್‌ನ ಸುದ್ದಿ ಅಷ್ಟೂ ಇಲ್ಲ.

ಈಪರ್‌ನ ಮೆನಿನ್ ಗೇಟ್ ಎಂಬ ಸ್ಮಾರಕ ಕಮಾನಿನಲ್ಲಿ ಈ ಭಾರತೀಯರ ಹೆಸರುಗಳಿವೆ. ಆ ಕಮಾನಿನ ಗೋಡೆಗಳ ಮೇಲೆ, ಶವವೂ ಸಿಗದೆ ಹೋದ 54,000ಕ್ಕೂ ಹೆಚ್ಚು ಸೈನಿಕರ ಹೆಸರು ಕೆತ್ತಿದ್ದಾರೆ. ಅಷ್ಟು ದೊಡ್ಡ ಕಟ್ಟಡದಲ್ಲೂ ಜಾಗ ಸಾಲದೆ, 1917ರ ಆಗಸ್ಟ್ ಮಧ್ಯದ ನಂತರ ಕಾಣೆಯಾದ ಸುಮಾರು 35,000 ಮಂದಿಯ ಹೆಸರನ್ನು ಟೈನ್ ಕಾಟ್ ಗೋಡೆಗೆ ಒಯ್ದರು. ಭಾರತೀಯರ ಹೆಸರು ನಾನೂರಕ್ಕೂ ಹೆಚ್ಚು. ಸಿಂಗ್, ಖಾನ್, ಮತ್ತೆ ಸಿಂಗ್. ಪಕ್ಕದ ಕೋಟೆ ದಿಬ್ಬದ ಹುಲ್ಲಿನ ಮೇಲೆ ಅಶೋಕ ಸ್ತಂಭದ ಸಿಂಹಗಳಿರುವ ಸ್ಮಾರಕವೂ ಇದೆ. ರಾತ್ರಿ ಎಂಟಕ್ಕೆ ಪೊಲೀಸರು ರಸ್ತೆ ತಡೆಯುತ್ತಾರೆ, ಬ್ಯೂಗಲ್‌ನವರು ಬಂದು ಲಾಸ್ಟ್ ಪೋಸ್ಟ್, ಅಂದರೆ ಸತ್ತ ಸೈನಿಕರಿಗೆ ಗೌರವ ಸಲ್ಲಿಸುವ ರಾಗ, ನುಡಿಸುತ್ತಾರೆ. 1928ರಿಂದ ನಡೆದುಬಂದದ್ದು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಊರು ಹಿಡಿದಿದ್ದಾಗ ನಿಂತಿತ್ತು. 1944ರ ಸೆಪ್ಟೆಂಬರ್ 6ರಂದು ಊರು ಬಿಡುಗಡೆಯಾದ ಸಂಜೆಯೇ, ಇನ್ನೊಂದು ಮೂಲೆಯಲ್ಲಿ ಗುಂಡಿನ ಸದ್ದು ಕೇಳುತ್ತಿರುವಾಗಲೇ ಮತ್ತೆ ಶುರು ಮಾಡಿದರು. ಎತ್ತಿದ ಮೊಬೈಲ್‌ಗಳ ಕಾಡಿನ ಹಿಂದೆ ನಿಂತು ನನಗೆ ಬ್ಯೂಗಲ್‌ನವರು ಕಾಣಲೇ ಇಲ್ಲ, ಅದು ಬೇರೆ ಮಾತು.

ಇಷ್ಟು ನೋಡಿ ಎಲ್ಲರೂ ವ್ಯಾನು ಹತ್ತುತ್ತಾರೆ. ಊರನ್ನು ಯಾರೂ ನೋಡುವುದಿಲ್ಲ.

ಸಿನಿಮಾ ಸೆಟ್ಟು ಅಂದವರೇ ಕೇಳಿ. ಈಪರ್ ನಡುವಿನ ಕ್ಲಾತ್ ಹಾಲ್ 1304ರಲ್ಲಿ ಮುಗಿದ ಬಟ್ಟೆ ಮಾರುಕಟ್ಟೆ. 125 ಮೀಟರ್ ಉದ್ದ. ಇಂಗ್ಲೆಂಡಿನ ಉಣ್ಣೆ ಇಲ್ಲಿ ಬಟ್ಟೆಯಾಗಿ ಯುರೋಪಿನ ಸಂತೆಗಳಿಗೆಲ್ಲ ಹೋಗುತ್ತಿದ್ದ ಕಾಲದ್ದು. 1914ರ ನವೆಂಬರ್ 22ರಂದು ಶೆಲ್ ಬಿದ್ದು ಹೊತ್ತಿ ಉರಿಯಿತು. ಯುದ್ಧ ಮುಗಿಯುವ ಹೊತ್ತಿಗೆ ಗೋಪುರದ ಮೋಟು ಉಳಿದಿತ್ತು, ಊರಲ್ಲಿ ಒಂದು ಇಡೀ ಮನೆ ಇರಲಿಲ್ಲ. 1919ರ ಜನವರಿಯಲ್ಲಿ ಚರ್ಚಿಲ್, ಈ ಅವಶೇಷವನ್ನೆಲ್ಲ ಬ್ರಿಟನ್ ತನ್ನ ವಶಕ್ಕೆ ತೆಗೆದುಕೊಂಡು ಹಾಗೇ ಸ್ಮಾರಕವಾಗಿ ಉಳಿಸಬೇಕು ಅಂತ ವಾದಿಸಿದರು. ಊರಿನವರು ಅಷ್ಟರಲ್ಲಿ ವಾಪಸ್ ಬರತೊಡಗಿದ್ದರು. ಮರದ ಗುಡಿಸಲುಗಳಲ್ಲಿ ಇದ್ದುಕೊಂಡು, ಇಟ್ಟಿಗೆ ಹೆಕ್ಕಿಕೊಂಡು, ಇದು ನಮ್ಮ ಮನೆ, ಇಲ್ಲೇ ಕಟ್ಟುತ್ತೇವೆ ಅಂದರು. ಯುದ್ಧಕ್ಕೆ ಮೊದಲು ತೆಗೆದಿದ್ದ ಅಳತೆ, ಚಿತ್ರಗಳು ನಗರದ ವಾಸ್ತುಶಿಲ್ಪಿ ಜೂಲ್ ಕೋಮಾನ್ಸ್ ಬಳಿ ಇದ್ದವು. ಅದನ್ನು ಹಿಡಿದು ಹಳೇ ಬೀದಿ ಹಳೇ ಗೆರೆಯಲ್ಲೇ ಎದ್ದಿತು. ಕ್ಲಾತ್ ಹಾಲ್ ಪೂರ್ತಿಯಾಗಿದ್ದು 1967ಕ್ಕೆ. ನಡುವೆ ಇನ್ನೊಂದು ಮಹಾಯುದ್ಧವೂ ಬಂದು ಹೋಯಿತು. ಕಂಬಗಳ ಬುಡವನ್ನು ಹತ್ತಿರ ಹೋಗಿ ನೋಡಿ. ಕೆಳಗೆ ಕಪ್ಪಾಗಿ, ಅಂಚು ಕಿತ್ತುಹೋದ ಹಳೇ ಕಲ್ಲು, ಅದರ ಮೇಲೆ ಸಲೀಸಾದ ಹೊಸ ಕಲ್ಲು. ಕೂಡಿಸಿದ ಗೆರೆ ಎದ್ದು ಕಾಣುತ್ತದೆ. ನಾಲ್ಕು ದಿಕ್ಕಿನ ಸ್ಮಾರಕಗಳೆಲ್ಲ ಹೊರಗಿನವರು ತಮ್ಮ ಸತ್ತವರಿಗೆ ಕಟ್ಟಿದ್ದು. ಇದೊಂದನ್ನು ಆ ಊರಿನವರು ತಾವು ಬದುಕುವುದಕ್ಕೆ ಕಟ್ಟಿಕೊಂಡರು. ಇದಕ್ಕೆ ಅರ್ಧ ದಿನವೂ ಇಲ್ಲ ಅಂದರೆ ಅನ್ಯಾಯ.

ಬ್ರೂಜ್ ಬಗ್ಗೆ ಹೆಚ್ಚು ಬರೆಯಲ್ಲ, ಬರೆದವರು ಬೇಕಾದಷ್ಟು ಜನ ಇದ್ದಾರೆ. ಬೆಲ್‌ಫ್ರಿ ಗೋಪುರಕ್ಕೆ 366 ಮೆಟ್ಟಿಲು, ಮೊಣಕಾಲು ಗಟ್ಟಿ ಇದ್ದರೆ ಹತ್ತಿ. ಆದರೆ ಬ್ರೂಜ್ ಯಾಕೆ ಉಳಿಯಿತು ಅಂತ ಅಲ್ಲಿನ ವಾಕಿಂಗ್ ಟೂರಿನಲ್ಲಿ ಯಾರೂ ಹೇಳಲಿಲ್ಲ. 1914ರ ಅಕ್ಟೋಬರ್‌ನಿಂದ ನಾಲ್ಕು ವರ್ಷ ಅದು ಜರ್ಮನ್ನರ ಕೈಲಿತ್ತು, ಅವರ ಜಲಾಂತರ್ಗಾಮಿಗಳ ನೆಲೆ. ಯುದ್ಧದ ಸಾಲು ಈಪರ್ ಹತ್ತಿರ ನಿಂತುಬಿಟ್ಟಿತು, ಬ್ರೂಜ್ ಅದರ ಹಿಂದೆ ಉಳಿಯಿತು. ಚರ್ಚಿನಲ್ಲಿರುವ ಮೈಕೆಲೇಂಜೆಲೊನ ಮಡೊನ್ನಾ ಶಿಲ್ಪವನ್ನು 1944ರಲ್ಲಿ ಜರ್ಮನ್ನರು ಹೊತ್ತೊಯ್ದಿದ್ದರು, ಮರುವರ್ಷ ಆಸ್ಟ್ರಿಯಾದ ಉಪ್ಪಿನ ಗಣಿಯಲ್ಲಿ ಸಿಕ್ಕಿತು. ಯುದ್ಧಸ್ಮಾರಕಗಳ ಟೂರಿನ ಭಾಗವಾಗಿ ಬ್ರೂಜ್ ತೋರಿಸುವುದಾದರೆ ಇದನ್ನೆಲ್ಲ ಹೇಳಬೇಕಲ್ಲವೇ? ಬರೀ ಬಿಯರ್, ಲೇಸು, ದೋಣಿ ಯಾಕೆ?

ಹೋಗುವ ಯೋಚನೆ ಇರುವವರು ಬುಕ್ ಮಾಡುವ ಮೊದಲೇ ಇಮೇಲ್ ಬರೆದು ಕೇಳಿ: ಈಪರ್ ಊರಿನಲ್ಲಿ ಹಗಲು ಎಷ್ಟು ಹೊತ್ತು ಬಿಡುತ್ತೀರಿ, ಹೊಲ್ಲೆಬೆಕೆ ಸೇರಿಸುತ್ತೀರಾ, ಗಡಿ ದಾಟಿ ಫ್ರಾನ್ಸಿನ ನವ್ ಶಾಪೆಲ್‌ಗೆ ಹೋಗಬಹುದಾ ಅಂತ. ಅಲ್ಲಿ 1927ರಲ್ಲಿ ತೆರೆದ ಭಾರತೀಯ ಸ್ಮಾರಕ ಇದೆ. ಸಾಂಚಿಯ ಕಟಾಂಜನದಂಥ ದುಂಡು ಆವರಣ, ಕಮಲ ಹೊತ್ತ ಕಂಬ, ಬುಡದಲ್ಲಿ ಎರಡು ಹುಲಿ, ಗೋಡೆಯಲ್ಲಿ 4,700ಕ್ಕೂ ಹೆಚ್ಚು ಹೆಸರು. ಈಪರ್‌ನಿಂದ ಒಂದು ಗಂಟೆಯೊಳಗಿನ ದಾರಿ, ಅರ್ಧ ದಿನದಲ್ಲಿ ಹೋಗಿ ಬರಬಹುದು. ಆಗಲ್ಲ ಅಂದರೆ ಬೇರೆಯವರನ್ನು ಹುಡುಕಿ, ಆ ಊರಿನಲ್ಲಿ ಗೈಡುಗಳಿಗೆ ಬರವಿಲ್ಲ.