ಆಂಬುಲೆನ್ಸಿಗೂ ಒಂದು ದರಪಟ್ಟಿ ಅಂಟಿಸಿ

ಪರಿಚಿತರೊಬ್ಬರು ಕಳಿಸಿದ ಖಾಸಗಿ ಆಂಬುಲೆನ್ಸ್ ಬಿಲ್ ನೋಡಿ ಹೊಟ್ಟೆ ಉರಿಯಿತು. ಒಂದು ಮೊತ್ತ, ಕೆಳಗೊಂದು ಸಹಿ, ಅಷ್ಟೇ. ಗಾಡಿ ನಂಬರ್ ಇಲ್ಲ, ಎಲ್ಲಿಂದ ಎಲ್ಲಿಗೆ ಅಂತಿಲ್ಲ, ಎಷ್ಟು ಕಿ.ಮೀ. ಅಂತಿಲ್ಲ. ಇಂಥ ಚೀಟಿಯನ್ನು ಇನ್ಶೂರೆನ್ಸ್‌ನವರ ಮುಂದಿಟ್ಟರೆ ಕ್ಲೇಮ್ ಅಲ್ಲೇ ನಿಲ್ಲುತ್ತದೆ.

ಬೆಂಗಳೂರಿನ ಆಟೋಗೆ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18 ಅಂತ ಸರ್ಕಾರವೇ ಗೊತ್ತುಮಾಡಿದೆ. ಉಸಿರಿಗೆ ಒದ್ದಾಡುವವರನ್ನು ಹೊತ್ತೊಯ್ಯುವ ಗಾಡಿಯಲ್ಲಿ ಮಾತ್ರ ಹೇಳಿದ್ದೇ ದರ. ಆ ಹೊತ್ತಲ್ಲಿ ಯಾರು ಚೌಕಾಸಿಗೆ ನಿಲ್ಲುತ್ತಾರೆ?

ಡೀಸೆಲ್, ನರ್ಸ್ ಸಂಬಳ, ಖಾಲಿ ವಾಪಸಾಗುವ ಖರ್ಚು ಇಲ್ಲವೇ ಅಂತ ಮಾಲೀಕರು ಕೇಳುತ್ತಾರೆ. ಇದೆ. ಅದನ್ನೂ ಲೆಕ್ಕ ಹಾಕಿಯೇ ದರ ಕಟ್ಟಲಿ. ಕೋವಿಡ್ ರೋಗಿಗಳ ಆಂಬುಲೆನ್ಸಿಗೆ ನ್ಯಾಯವಾದ ದರ ಗೊತ್ತುಮಾಡಿ ಅಂತ 2020ರ ಸೆಪ್ಟೆಂಬರಿನಲ್ಲೇ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತ್ತು. 2021ರ ಮೇನಲ್ಲಿ ದೆಹಲಿ ಸರ್ಕಾರ ಮಾಡಿಯೂ ತೋರಿಸಿತು: ಮೊದಲ 10 ಕಿ.ಮೀ.ಗೆ ಸಾಮಾನ್ಯ ಗಾಡಿಗೆ 1,500, ತುರ್ತು ಚಿಕಿತ್ಸೆಯ ಮೂಲ ಸಲಕರಣೆ ಇರುವ ಬೇಸಿಕ್ ಲೈಫ್ ಸಪೋರ್ಟ್‌ಗೆ 2,000, ಡಾಕ್ಟರ್ ಇರುವ ಅಡ್ವಾನ್ಸ್ಡ್ ಗಾಡಿಗೆ 4,000 ರೂಪಾಯಿ, ಮುಂದಕ್ಕೆ ಕಿ.ಮೀ.ಗೆ 100. ಸಾಂಕ್ರಾಮಿಕದ ನಡುವೆ ಆದದ್ದು ಈಗ ಯಾಕಾಗದು?

ಇನ್ಶೂರೆನ್ಸ್ ಇದೆಯಲ್ಲ ಅಂತ ನೆಮ್ಮದಿಯಾಗಿರುವವರು ಪಾಲಿಸಿ ತೆಗೆದು ಓದಿ. ಹಲವು ಕಂಪನಿಗಳು ಮಾರುವ ‘ಆರೋಗ್ಯ ಸಂಜೀವನಿ’ ಪಾಲಿಸಿಯಲ್ಲಿ ಒಂದು ಅಡ್ಮಿಷನ್‌ಗೆ ಆಂಬುಲೆನ್ಸ್ ಖರ್ಚು ಅಂತ ಸಿಗುವುದು ಹೆಚ್ಚೆಂದರೆ 2,000 ರೂಪಾಯಿ. ಬಹುತೇಕ ಪಾಲಿಸಿಗಳಲ್ಲಿ ಆಸ್ಪತ್ರೆ ಕ್ಲೇಮ್ ಪಾಸಾದರೆ ಮಾತ್ರ ಇದೂ ಸಿಗುತ್ತದೆ. ದಾರಿಯಲ್ಲೇ ಜೀವ ಹೋದರೆ ಅಡ್ಮಿಷನ್ನೇ ಇಲ್ಲ. ಗಾಡಿ ಬಾಡಿಗೆ ಪೂರ್ತಿ ಮನೆಯವರ ತಲೆಗೆ. ಈ ಷರತ್ತು ನೆನೆದರೆ ನನಗೆ ಸಿಟ್ಟು ತಡೆಯುವುದಿಲ್ಲ.

ಇನ್ನೊಂದು ಪೆಟ್ಟು, ಬಿಲ್ ಒಡೆದು ಬರೆಯುವುದು. ಆಸ್ಪತ್ರೆಯ ಹೊರಗೆ ಬಳಸಿದ ಆಕ್ಸಿಜನ್ ಸಿಲಿಂಡರ್, ಆಂಬುಲೆನ್ಸ್ ಉಪಕರಣ ಎರಡೂ ಇನ್ಶೂರೆನ್ಸ್ ಕಂಪನಿಗಳ ಮೇಲ್ವಿಚಾರಣೆ ಮಾಡುವ ಸಂಸ್ಥೆಯಾದ ಐಆರ್‌ಡಿಎಐನ ‘ಕೊಡಬೇಕಿಲ್ಲದ’ ಸಾಮಾನಿನ ಪಟ್ಟಿಯಲ್ಲಿವೆ. ಬೇರೆ ಸಾಲಿನಲ್ಲಿ ಬರೆದರೆ ಸಾಮಾನ್ಯವಾಗಿ ಅಷ್ಟಕ್ಕೂ ಕತ್ತರಿ. ಆದ್ದರಿಂದಲೇ ಆಕ್ಸಿಜನ್, ಸಿಬ್ಬಂದಿ, ವೇಟಿಂಗ್ ಎಲ್ಲ ಸೇರಿದ ಒಂದೇ ದರವನ್ನು ಸರ್ಕಾರ ಕಟ್ಟಿ, ಗಾಡಿಯ ಬಾಗಿಲಿಗೇ ಅಂಟಿಸಬೇಕು.

ಅಲ್ಲಿಯವರೆಗೆ ಗಾಡಿ ಬುಕ್ ಮಾಡುವಾಗಲೇ ‘ಅಪ್ ಅಂಡ್ ಡೌನ್’ ಸೇರಿ ಎಷ್ಟು ಅಂತ ಕೇಳಿ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ರೋಗಿಯ ಹೆಸರು, ತಾರೀಖು, ಗಾಡಿ ನಂಬರ್, ಕಿ.ಮೀ. ಇರುವ ಅಸಲು ರಸೀದಿ ಪಡೆಯಿರಿ. ಹೊರಗಿನ ಗಾಡಿಯ ದುಡ್ಡು ಸಾಮಾನ್ಯವಾಗಿ ಆಸ್ಪತ್ರೆಯ ಕ್ಯಾಶ್‌ಲೆಸ್‌ನಲ್ಲಿ ಸೇರಿರುವುದಿಲ್ಲ. ಡಿಸ್ಚಾರ್ಜ್ ಆದಮೇಲೆ ಪಾಲಿಸಿಯಲ್ಲಿ ಹೇಳಿದ ಗಡುವಿನೊಳಗೆ ಬೇರೆಯಾಗಿ ಅರ್ಜಿ ಹಾಕಬೇಕು. ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿದ್ದರೆ ತೆಗೆಸಿ. ರೋಗಿಯನ್ನು ಆಂಬುಲೆನ್ಸಿನಲ್ಲಿ ಸಾಗಿಸುವುದಕ್ಕೆ ಜಿಎಸ್‌ಟಿ ಇಲ್ಲ.