ಹೊರಗೆ ರವಾ, ಒಳಗೆ ಹೋಳಿಗೆ

ಇವತ್ತು ಬೆಳಿಗ್ಗೆ ಡಬ್ಬಿ ಮುಚ್ಚಳ ತೆಗೆದರೆ ಶೇಂಗಾ ಹೋಳಿಗೆಯೇ ಕಾಣಲಿಲ್ಲ. ಮೇಲೆಲ್ಲ ಕೆಂಪಿರುವೆ. ಸಿಟ್ಟು ಇನ್ನೂ ಇಳಿದಿಲ್ಲ.

ಡಬ್ಬಿಯನ್ನು ನಾನೇನು ಸುಮ್ನೆ ಇಟ್ಟಿರಲಿಲ್ಲ. ಪರಾತದಲ್ಲಿ ನೀರು ಹಾಕಿ ನಡುವೆ ಇಟ್ಟಿದ್ದೆ. ಬೇರೆ ಊರಲ್ಲಾದರೆ ನಡೆಯುತ್ತಿತ್ತೇನೋ. ರಾಯಚೂರಿನ ಮೇ ತಿಂಗಳು, 40 ಡಿಗ್ರಿ ದಾಟಿದ ಬಿಸಿಲು. ಪರಾತದ ನೀರನ್ನು ಸೆಖೆಯೇ ಕುಡಿದು ಮುಗಿಸಿತ್ತು. ನಲ್ಲಿ ನೀರು ದಿನಾ ಬರದ ಬಡಾವಣೆ ನಮ್ಮದು. ಇರುವೆಗೆ ಕಂದಕ ತುಂಬಿಸಲು ಎಲ್ಲಿಂದ ತರಲಿ?

ತುಂಬಿಸಿದರೂ ಅವು ಸುಲಭಕ್ಕೆ ಸಾಯುವುದಿಲ್ಲ. ಇರುವೆಗೆ ಶ್ವಾಸಕೋಶವೇ ಇಲ್ಲ, ಮೈ ಪಕ್ಕದ ಸಣ್ಣ ತೂತುಗಳಿಂದ ಉಸಿರಾಟ. ನೀರಿಗೆ ಬಿದ್ದು ಸತ್ತಂತೆ ಮಲಗಿದ್ದು, ಮೈ ಒಣಗಿದ ಮೇಲೆ ಎದ್ದು ಡ್ಯೂಟಿಗೆ ಹೊರಡುತ್ತದೆ. ಕಪಾಟಿನ ಮೇಲಿಂದ ಕೊಡವಿದರೂ ಹಗುರ ಮೈಗೆ ಏಟೇ ಇಲ್ಲ.

ಇಷ್ಟಾದರೂ ತಡೆದುಕೊಳ್ಳುತ್ತಿದ್ದೆ. ಆದರೆ ಶತ್ರುವಿಗೆ ರೇಷನ್ ಹೋಗುವುದು ನಮ್ಮ ಮನೆಯಿಂದಲೇ! ಅತ್ತಿ ದಿನಾ ಸ್ನಾನ ಮಾಡಿ, ವಿಭೂತಿ ಹಚ್ಚಿ, ಒಂದು ಬಟ್ಟಲು ರವಾ-ಸಕ್ಕರೆ ಹಿಡಿದು ಕಾಂಪೌಂಡಿನ ಮೂಲೆಗೆ ಹೋಗುತ್ತಾರೆ. ಅಲ್ಲಿ ಇರುವೆ ಗೂಡು. ನನ್ನ ಚಹಾಕ್ಕೆ ಸಕ್ಕರೆ ಚಮಚ ಎಣಿಸುವ ಕೈ ಅಲ್ಲಿ ಧಾರಾಳ.

"ಹೊರಗ ಹೊಟ್ಟಿ ತುಂಬಿದ್ರ ಒಳಗ್ಯಾಕ ಬರ್ತಾವ?" ಇದು ಅವರ ವಾದ.

"ಹಂಗಲ್ರೀ ಅತ್ತಿ," ಅಂತ ಶುರು ಮಾಡಿದೆ. "ಒಂದು ಇರುವೆಗೆ ತಿನಿಸು ಸಿಕ್ಕರೆ ಗೂಡಿನತನಕ ವಾಸನೆ ಬಿಟ್ಟು ಹೋಗುತ್ತದೆ. ಅದೇ ವಾಸನೆ ಹಿಡಿದು ಉಳಿದವು ಬರುತ್ತವೆ. ಅವಕ್ಕೆ ಎರಡು ಹೊಟ್ಟೆ. ಒಂದು ತನಗೆ, ಇನ್ನೊಂದು ಗೂಡಿನವರಿಗೆ ಒಯ್ದು ಬಾಯಿಗೆ ಬಾಯಿ ಇಟ್ಟು ಕೊಡೋಕೆ. ಒಂದರ ಹೊಟ್ಟೆ ತುಂಬಿದರೆ ಸಾಲದು, ಇಡೀ ಗೂಡಿನದು ತುಂಬಬೇಕು."

"ನೋಡು ಮತ್ತ! ಎಷ್ಟ್ ಛಲೋ ಬುದ್ಧಿ. ತಾನೊಂದೇ ತಿಂದು ಬರಂಗಿಲ್ಲ. ನಮ್ಮ ಮನ್ಯಾಗ ಅದು ಯಾರಿಗದ?"

ನಿನ್ನೆ ಆಫೀಸಿನಿಂದ ಬರುವಾಗ ಬಂಡಿ ಹತ್ತಿರ ನಿಂತು ಎರಡು ಮಿರ್ಚಿ ತಿಂದದ್ದು ಇವರಿಗೆ ಹೇಗೆ ಗೊತ್ತಾಯಿತು? ನಾನೂ ವಾಸನೆ ಬಿಟ್ಟು ಬಂದಿರಬೇಕು.

ನಾನು ಬಿಡಲಿಲ್ಲ. ಬೆಂಕಿ ಇರುವೆ ಅನ್ನುವ ಜಾತಿಯ ಕೆಲಸಗಾತಿಯರು ದಿನಕ್ಕೆ ಸುಮಾರು 250 ಸಲ, ಒಂದೊಂದೇ ನಿಮಿಷ ತೂಕಡಿಸುತ್ತಾರೆ ಎಂದೆ. ಅತ್ತಿ ಹೆಗಲು ಮುಟ್ಟಿ ನೋಡಿಕೊಂಡರು. ಸೀರಿಯಲ್ ನೋಡುತ್ತಾ ಅವರದೂ ಅದೇ ಲೆಕ್ಕ ಅಲ್ವಾ! ಅದೇ ಉಮೇದಿನಲ್ಲಿ, ದುಡಿಯುವ ಇರುವೆಗಳೆಲ್ಲ ಹೆಣ್ಣೇ, ಎಳೆಯವು ಒಳಗೆ ಮರಿ ನೋಡಿಕೊಂಡರೆ ವಯಸ್ಸಾದವು ಹೊರಗೆ ಹೋಗಿ ತಿನಿಸು ತರುತ್ತವೆ ಅಂತಲೂ ಹೇಳಿದೆ.

ಅತ್ತಿ ಬಟ್ಟಲು ಕೆಳಗಿಟ್ಟರು. "ಸಿಂಧನೂರು ಕಡಿ ಭತ್ತ ಹಚ್ಚಾಕ ನಾವೂ ಹಂಗೇ ಹೋಗ್ತಿದ್ವಿ, ಬದುವಿನ ಮ್ಯಾಲ ಒಬ್ಬರ ಹಿಂದ ಒಬ್ಬರು. ನಮಗ ಯಾರ್ ರವಾ ಹಾಕಿದ್ರು?"

ಇದಕ್ಕೆ ಏನು ಹೇಳಲಿ? ಪರಾತ ತೊಳೆಯೋಕೆ ಹೋದೆ.

ಸಂಜೆ ಒಂದು ಒಪ್ಪಂದ ಆಯಿತು. ನಾಳೆಯಿಂದ ರವಾ-ಸಕ್ಕರೆ ರಸ್ತೆಯಾಚೆಯ ಬೇವಿನ ಮರದ ಬುಡಕ್ಕೆ. ಆ ಮರಕ್ಕೆ ತಾಗಿಕೊಂಡೇ ಎದುರು ಮನೆಯವರ ಅಡಿಗೆಮನೆ ಕಿಟಕಿ ಇದೆ. ಅವರಿಗೆ ಇನ್ನೂ ಹೇಳಿಲ್ಲ.