ಕೊಬ್ಬಿದ ಕರು ಯಾರ ಪಾಲಿನದು?

ಕ್ರೈಸ್ತ ಕುಟುಂಬ, ಒಂದು ಹಳೇ ಗಾಡಿ, ದಾರಿಯುದ್ದಕ್ಕೂ ಕಿತ್ತಾಟ, ಕೊನೆಗೆ ಚರ್ಚಿನ ಮುಂದೆ ಎಲ್ಲರೂ ತಬ್ಬಿಕೊಂಡು ಅಳೋದು. ಈ ಜಾತಿಯ ಕಾಮಿಡಿ ಸಿನಿಮಾ ಬರೆಯೋಕೆ ಕೂತವರು ಸೀದಾ ಬೈಬಲ್ಲಿನ ಲೂಕನ ಶುಭಸಂದೇಶದ 15ನೇ ಅಧ್ಯಾಯಕ್ಕೆ ಕೈ ಹಾಕ್ತಾರೆ. ದುಂದುಗಾರ ಮಗ. ಅಪ್ಪನ ಹತ್ತಿರ ಪಾಲು ಇಸಕೊಂಡು ಹೋಗಿ ಉಡಾಯಿಸಿ ವಾಪಸ್ ಬಂದ ಕಿರಿಮಗನಿಗೆ ಅಪ್ಪ ಕೊಬ್ಬಿದ ಕರು ಕಡಿಸಿ ಔತಣ ಕೊಡ್ತಾನೆ, ಮನೆಯಲ್ಲೇ ದುಡಿದ ಅಣ್ಣ ಸಿಟ್ಟಾಗಿ ಹೊರಗೇ ನಿಲ್ತಾನೆ. ಅದರಲ್ಲಿ ತಪ್ಪೇನಿಲ್ಲ, ಎರಡು ಸಾವಿರ ವರ್ಷದಿಂದ ಓಡ್ತಿರೋ ಕತೆ. ಎಡವೋದು ಹೀರೋನ ಆರಿಸೋವಾಗ. ದುಬೈಯಿಂದಲೋ ಕೆನಡಾದಿಂದಲೋ ವಾಪಸ್ ಬಂದ ಕಿರಿಯವನ ಮೇಲೇ ಕ್ಯಾಮೆರಾ. ಒಳ್ಳೇ ಡೈಲಾಗೂ ಅವನಿಗೇ, ಕಣ್ಣೀರೂ ಅವನದೇ. ಮನೆಯಲ್ಲೇ ಉಳಿದು ಅಮ್ಮನ ಶುಗರ್ ಮಾತ್ರೆ ತಂದುಕೊಟ್ಟ ದೊಡ್ಡವನು ಮಾತ್ರ ಸ್ಟೀರಿಂಗ್ ಹಿಡಿದು ಮುಖ ಗಂಟಿಕ್ಕಿಕೊಂಡು ಕೂತಿರ್ತಾನೆ, ನಗಿಸೋಕೆ ಅಂತಲೇ ಇಟ್ಟ ಸಿಡುಕನ ಹಾಗೆ.

ಯೇಸು ಹೇಳಿದ ಆ ಸಾಮತಿಯನ್ನ, ಅಂದರೆ ನೀತಿಕತೆಯನ್ನ, ಒಂದು ಸಲ ಲೆಕ್ಕದ ಪುಸ್ತಕದ ಹಾಗೆ ಓದಿ ನೋಡಿ. 12ನೇ ವಚನದಲ್ಲಿ ತಂದೆ ಆಸ್ತಿಯನ್ನ ಇಬ್ಬರಿಗೂ ಹಂಚಿಬಿಟ್ಟ. ಬೈಬಲ್ಲಿನದೇ ಧರ್ಮೋಪದೇಶಕಾಂಡ 21:17ರ ಪ್ರಕಾರ ಚೊಚ್ಚಲ ಮಗನಿಗೆ ಎರಡು ಪಾಲು. ಗಂಡುಮಕ್ಕಳು ಇಬ್ಬರೇ ಆದರೆ ಮೂರರಲ್ಲಿ ಎರಡು ಅಣ್ಣನಿಗೆ, ಒಂದು ತಮ್ಮನಿಗೆ. ತಮ್ಮ ತನ್ನದನ್ನ ಉಡಾಯಿಸಿ ಬರಿಗೈಲಿ ಬಂದ. ಹಾಗಾದರೆ ಮನೆಯಲ್ಲಿ ಉಳಿದಿದ್ದೆಲ್ಲ ಯಾರದು? ನನ್ನದೆಲ್ಲ ನಿನ್ನದೇ ಅಂತ ಅಪ್ಪನೇ 31ನೇ ವಚನದಲ್ಲಿ ಒಪ್ಪಿಕೊಳ್ತಾನೆ. ಅಂದರೆ ಉಂಗುರ, ಮೇಲಂಗಿ, ಕೊಬ್ಬಿದ ಕರು ಎಲ್ಲವೂ ಅಣ್ಣನ ಖಾತೆಯಿಂದ ಖರ್ಚಾಯ್ತು, ಅವನನ್ನ ಒಂದು ಮಾತೂ ಕೇಳದೆ. ಹೊಲದಿಂದ ಬಂದವನಿಗೆ ಸುದ್ದಿ ತಿಳಿಸಿದ್ದೂ ಮನೆಯ ಆಳು. ಇಷ್ಟಾದಮೇಲೂ ಅವನನ್ನ ಹೊಟ್ಟೆಕಿಚ್ಚಿನವನು ಅಂತ ತೋರಿಸಿದರೆ ಅದು ಸೋಮಾರಿ ಬರವಣಿಗೆ. ನಗುವೂ ನೋವೂ ಇರೋದು ಅವನ ಹತ್ತಿರವೇ.

ಜಗಳದ ಕಾರಣದಲ್ಲೂ ಚಿತ್ರಕತೆಗಳು ಜಾರೋದುಂಟು. ಲಿಂಗರಾಜಪುರದ ಡಿಸೋಜ ಮನೆಯವರ ಬಾಯಲ್ಲಿ “ಪಿತ್ರಾರ್ಜಿತ ಆಸ್ತೀಲಿ ನನ್ ಪಾಲು ಕೊಡು” ಅಂತ ಬರೆದರೆ, ಗೊತ್ತಿರೋರು ಚಿತ್ರಮಂದಿರದಲ್ಲೇ ನಗ್ತಾರೆ. ಬೆಂಗಳೂರಿನ ಕ್ರೈಸ್ತರಿಗೆ ಅನ್ವಯಿಸೋದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರಲ್ಲಿ ಹುಟ್ಟಿನಿಂದಲೇ ಹಕ್ಕು ಬರೋ ಪಿತ್ರಾರ್ಜಿತ ಅನ್ನೋದೇ ಇಲ್ಲ. ಅಪ್ಪ ಬದುಕಿರೋತನಕ ಅಪ್ಪನದು. ವಿಲ್ ಬರೆದರೆ ಯಾರಿಗೆ ಬೇಕಾದರೂ ಬರೆಯಬಹುದು. ಬರೆಯದೆ ಹೋದರೆ ಹೆಂಡತಿಗೆ ಮೂರರಲ್ಲಿ ಒಂದು, ಉಳಿದ ಎರಡು ಪಾಲು ಮಕ್ಕಳಿಗೆ ಸಮ, ಗಂಡು ಹೆಣ್ಣು ಭೇದವಿಲ್ಲ. 90 ಲಕ್ಷದ ಮನೆ, ಮೂವರು ಮಕ್ಕಳು ಅಂದರೆ ಅಮ್ಮನಿಗೆ 30, ಮಕ್ಕಳಿಗೆ ತಲಾ 20. ಹಾಗಾಗಿ ಜಗಳ ಇರಬೇಕಾದ್ದು ವಿಲ್ ಬಗ್ಗೆ, ಇಲ್ಲಾ ಅಮ್ಮನನ್ನ ನೋಡಿಕೊಂಡ ಖರ್ಚಿನ ಬಗ್ಗೆ. ಎರಡನೇದೇ ವಾಸಿ. ಅದಕ್ಕೆ ಕೋರ್ಟಿನ ಸೀನ್ ಬೇಡ, ಔಷಧಿ ಅಂಗಡಿಯ ಬಿಲ್ಲುಗಳು ತುಂಬಿದ ಒಂದು ಬಿಸ್ಕತ್ ಡಬ್ಬ ಸಾಕು.

ಈಗ ಗಾಡಿ. ದೊಡ್ಡ ಎಸ್‌ಯುವಿ ತಂದರೆ ಕತೆ ಅಲ್ಲೇ ಸತ್ತುಹೋಗುತ್ತೆ, ಅದರಲ್ಲಿ ಎಲ್ಲರಿಗೂ ಜಾಗ ಇರುತ್ತೆ. ಮಾರುತಿ ಓಮ್ನಿ ತನ್ನಿ, 8 ಸೀಟಿನದು. 2019ಕ್ಕೆ ತಯಾರಿ ನಿಂತರೂ ಬೆಂಗಳೂರಿನ ಗಲ್ಲಿಗಳಲ್ಲಿ ಇನ್ನೂ ಓಡಾಡ್ತಿವೆ. ಹಿಂದಿನ ಎರಡು ಬೆಂಚು ಎದುರುಬದುರು, ಮೊಣಕಾಲಿಗೆ ಮೊಣಕಾಲು ತಾಗುತ್ತೆ. ಮಾತು ಬಿಟ್ಟವರನ್ನ ಅಲ್ಲಿ ಕೂರಿಸಿದರೆ ಡೈಲಾಗೇ ಬೇಡ. ಇಂಜಿನ್ ಮುಂದಿನ ಸೀಟಿನಡಿ ಇರೋದರಿಂದ ಏನಾದರೂ ಕೆಟ್ಟರೆ ಸೀಟೇ ಎತ್ತಬೇಕು, ಅಂದರೆ ಮುಂದೆ ಕೂತ ಅಮ್ಮ ಇಳಿಯಲೇಬೇಕು. ಪ್ರತೀ ಸಲ ಅಮ್ಮ ಕೈಲಿ ಜಪಸರ ಹಿಡಿದು ರಸ್ತೆ ಬದಿ ನಿಲ್ಲೋದು, ಮಕ್ಕಳು ಸೀಟಿನಡಿ ತಲೆ ತೂರಿಸೋದು. ಮೂರನೇ ಸಲಕ್ಕೆ ಅಮ್ಮ ಯಾರೂ ಹೇಳದೆ ತಾನೇ ಇಳಿದು ನಿಲ್ತಾಳೆ ನೋಡಿ, ನಗು ಅಲ್ಲಿದೆ.

ಕ್ಯಾಮೆರಾಗೂ ಓಮ್ನಿಯೇ ಅನುಕೂಲ. ಜಾರೋ ಬಾಗಿಲು ಪೂರ್ತಿ ಸರಿಸಿದರೆ ಹಿಂದಿನವರೆಲ್ಲ ಒಂದೇ ಫ್ರೇಮಿಗೆ ಸಿಗ್ತಾರೆ. ಇದು ನಿಂತ ಗಾಡಿಯಲ್ಲಿ ಮಾತ್ರ. ಓಡೋ ಗಾಡಿಯಲ್ಲಿ ಬಾಗಿಲು ತೆಗೆದು ಶೂಟ್ ಮಾಡೋ ಹುಚ್ಚಾಟ ಬೇಡ, ಡ್ರೈವ್ ಮಾಡ್ತಾ ನಟಿಸೋದಂತೂ ಬೇಡವೇ ಬೇಡ. ಗಾಡಿಯನ್ನ ಟ್ರೇಲರ್ ಮೇಲೆ ಏರಿಸಿ ಎಳೆಸಿ. ಅದಕ್ಕೆ ದುಡ್ಡಿಲ್ಲ ಅಂದರೆ ಮಾತಿನ ಸೀನುಗಳನ್ನೆಲ್ಲ ರಾತ್ರಿಗೆ ತಳ್ಳಿ, ಶೆಡ್ಡಿನಲ್ಲಿ ತೆಗೀರಿ. ಬಂಪರಿನಡಿ ಒಂದು ಉದ್ದನೆ ಮರದ ತುಂಡು ಕೊಟ್ಟು ಒಬ್ಬ ಹದವಾಗಿ ಅಲ್ಲಾಡಿಸಬೇಕು. ತಾಳಬದ್ಧವಾಗಿ ಕುಲುಕಿದರೆ ತೊಟ್ಟಿಲು ತೂಗಿದ ಹಾಗೆ ಕಾಣುತ್ತೆ, ಒಮ್ಮೆ ಎರಡು ಕುಲುಕು, ಒಮ್ಮೆ ಸುಮ್ಮನೆ. ಎದುರು ಬರೋ ಲಾರಿಗೆ ಇಬ್ಬರು ಹುಡುಗರು ಲೈಟ್ ಹಿಡಿದು ಮುಂದಿನಿಂದ ಹಿಂದಕ್ಕೆ ನಡೆದರಾಯ್ತು. ಹಗಲಲ್ಲಿ ಮುಂದಿನ ಗಾಜಿನೊಳಗಿಂದ ಮುಖ ತೆಗೆಯೋದಾದರೆ ಪೋಲರೈಸರ್ (ಗಾಜಿನ ಪ್ರತಿಫಲನ ತಗ್ಗಿಸೋ ಫಿಲ್ಟರ್) ಹಾಕಿ ತಿರುಗಿಸಿ ಸರಿಮಾಡಿಕೊಳ್ಳಿ, ಇಲ್ಲವಾದರೆ ಗಾಜಿನ ಮೇಲೆ ಬರೀ ಆಕಾಶ. ಅದರಿಂದ ಒಂದೂವರೆ ಎರಡು ಸ್ಟಾಪ್ ಬೆಳಕು (ಒಂದು ಸ್ಟಾಪ್ ಅಂದರೆ ಅರ್ಧಕ್ಕರ್ಧ) ಕಮ್ಮಿಯಾಗುತ್ತೆ ಅನ್ನೋದು ಲೆಕ್ಕದಲ್ಲಿರಲಿ. ಸೀಟಿನಡಿಯ ಇಂಜಿನ್ ಆನ್ ಇದ್ದರೆ ಕಾಲರ್ ಮೈಕಿಗೂ ಬರೀ ಗುರ್ರ್.

ದಾರಿ ಯಾವುದು? ಬೆಂಗಳೂರಿನ ಕುಟುಂಬಕ್ಕೆ ತಮಿಳುನಾಡಿನ ಕಡಲತೀರದ ಮರಿಯಮ್ಮನ ಯಾತ್ರಾಸ್ಥಳ ವೇಳಾಂಕಣ್ಣಿಗಿಂತ ಸಹಜವಾದ್ದು ಇನ್ನೊಂದಿಲ್ಲ. ಹೊಸೂರು, ಕೃಷ್ಣಗಿರಿ, ಧರ್ಮಪುರಿ, ಸೇಲಂ, ನಾಮಕ್ಕಲ್, ತಿರುಚ್ಚಿ, ತಂಜಾವೂರು, ನಾಗಪಟ್ಟಣಂ. ಹೆಚ್ಚುಕಮ್ಮಿ 490 ಕಿ.ಮೀ. ಓಮ್ನಿಯಲ್ಲಿ ಬೆಳಿಗ್ಗೆ ಐದಕ್ಕೆ ಹೊರಟು ನೆಟ್ಟಗೆ ಹೋದರೆ ನಾಲ್ಕಕ್ಕೆ ತಲುಪಬಹುದು, ಜಗಳ ಆಡ್ತಾ ಹೋದರೆ ಕತ್ತಲಾಗುತ್ತೆ. ಹೊತ್ತು ಮುಳುಗೋದರೊಳಗೆ ಸಿಟ್ಟು ಇಳಿಯಲಿ ಅಂತ ಎಫೆಸದವರಿಗೆ ಬರೆದ ಪತ್ರದಲ್ಲಿದೆಯಲ್ಲ (4:26), ಅಮ್ಮ ಆ ವಚನವನ್ನ ಅತ್ತಿಬೆಲೆಯಲ್ಲೇ ಹೇಳಿಬಿಟ್ಟರೆ ಪ್ರೇಕ್ಷಕ ತಾನಾಗಿ ಗಡಿಯಾರ ನೋಡ್ತಾನೆ.

ಅತ್ತಿಬೆಲೆ ಅಂದಾಗ ಫಾಸ್ಟ್ಯಾಗ್. ಗಾಡಿ ಅಣ್ಣನದು, ಫಾಸ್ಟ್ಯಾಗಿಗೆ ಜೋಡಿಸಿದ ನಂಬರೂ ಅವನದೇ. ಪ್ರತೀ ಟೋಲ್ ದಾಟಿದಾಗ ಅವನ ಜೇಬಲ್ಲಿ ಒಂದು ಟಿಣ್. ದುಡ್ಡು ಕಟ್ಟಾಯ್ತು.

“ಟೋಲ್ ಎಷ್ಟಾಯ್ತೋ ಹೇಳಣ್ಣ, ಜಿಪೇ ಮಾಡ್ತೀನಿ.”

“ಇರ್ಲಿ ಬಿಡು.”

ಆ “ಇರ್ಲಿ ಬಿಡು” ಇದೆಯಲ್ಲ, ಅದರಲ್ಲಿ ಹನ್ನೆರಡು ವರ್ಷದ ಆಸ್ಪತ್ರೆ ಓಡಾಟ ಇದೆ. ಅಣ್ಣನ ಪಾತ್ರಕ್ಕೆ ಬೇರೆ ಭಾಷಣ ಬರೆಯಬೇಡಿ. ಮೆಸೇಜ್ ಕೆಲವು ಸಲ ತಡವಾಗಿ ಬರುತ್ತೆ, ಅದನ್ನೂ ಬಳಸಿ. ಊಟಕ್ಕೆ ಮುಂಚೆ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡೋವಾಗ ಟಿಣ್. ಯಾರೂ ಕಣ್ಣು ತೆಗೆಯಲ್ಲ, ಎಲ್ಲರಿಗೂ ಕೇಳಿಸಿರುತ್ತೆ.

ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಘಾಟಿ. ಇಲ್ಲಿ ರೇಡಿಯೇಟರಿನಿಂದ ಬುಸ್ ಅಂತ ಹೊಗೆ ಏಳಿಸೋದು ರೂಢಿ. ಸೇಲಂ ಕಡೆಗೆ ಹೋಗೋವಾಗ ಆ ಘಾಟಿ ಇಳಿಜಾರು, ಸ್ವಾಮಿ! ಇಳಿಯೋವಾಗ ಕಾಯೋದು ಇಂಜಿನ್ ಅಲ್ಲ, ಬ್ರೇಕು. ಕಾಲು ತೆಗೆಯದೆ ಒತ್ತಿಕೊಂಡೇ ಬಂದರೆ ಬ್ರೇಕು ಹಿಡಿತ ಬಿಡುತ್ತೆ, ಆಯಿಲ್ ಕುದಿದರೆ ಪೆಡಲ್ ಮೆತ್ತಗಾಗಿ ಒಳಕ್ಕೆ ಹೋಗುತ್ತೆ, ಸುಟ್ಟ ವಾಸನೆ ಬರುತ್ತೆ. ಗೇರ್ ಕಮ್ಮಿ ಮಾಡಿ ಇಂಜಿನ್ ಹಿಡಿತದಲ್ಲಿ ಇಳಿಸಬೇಕು. ಅಲ್ಲಿ ತಮ್ಮ ಹಿಂದಿನಿಂದ “ನ್ಯೂಟ್ರಲ್ ಹಾಕಣ್ಣ, ಪೆಟ್ರೋಲ್ ಉಳಿಯುತ್ತೆ” ಅಂದರೆ ಇಬ್ಬರ ಸ್ವಭಾವವೂ ಒಂದೇ ಮಾತಲ್ಲಿ ಬಿಚ್ಚಿಕೊಳ್ಳುತ್ತೆ. ಒಬ್ಬ ಜೀವನವಿಡೀ ಸೆಕೆಂಡ್ ಗೇರಿನಲ್ಲಿ ಇಳಿದವನು, ಇನ್ನೊಬ್ಬ ನ್ಯೂಟ್ರಲ್ಲು. ರೇಡಿಯೇಟರನ್ನ ವಾಪಸ್ ಬರೋವಾಗಿನ ಏರಿಗೆ ಉಳಿಸಿಕೊಳ್ಳಿ.

ಕಾಲ ಯಾವುದಿರಬೇಕು ಅನ್ನೋದರ ಮೇಲೆ ಅರ್ಧ ಸಿನಿಮಾ ನಿಂತಿದೆ. ಎಲ್ಲರಿಗೂ ಹೊಳೆಯೋದು ಆಗಸ್ಟ್ 29ರಿಂದ ಸೆಪ್ಟೆಂಬರ್ 8ರ ಹಬ್ಬ. ಆದರೆ ಆ ಜನಸಾಗರದಲ್ಲಿ ಶೂಟಿಂಗ್ ಆಗೋ ಮಾತಲ್ಲ. ಹರಕೆ ಹೊತ್ತು ಮೊಣಕಾಲಲ್ಲಿ ನಡೆಯೋರ ಅಳೋ ಮುಖವನ್ನ ಕದ್ದು ತೆಗೆಯೋದು ಅಸಹ್ಯ ಕೂಡ. ಅಲ್ಲದೆ ಅದೇ 8ಕ್ಕೆ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲೂ ತೇರು, ಇಲ್ಲಿಯ ಹಬ್ಬ ಬಿಟ್ಟು ಹೊರಟರು ಅನ್ನೋದಕ್ಕೆ ಬೇರೆ ಕಾರಣ ಕೊಡಬೇಕಾಗುತ್ತೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ನಾಗಪಟ್ಟಣಂ ಕಡೆ ಹಿಂಗಾರು ಮಳೆ. ಹಾಗಾಗಿ ಈಸ್ಟರಿಗೆ ಮುಂಚಿನ ತಪಸ್ಸುಕಾಲ, ಅಂದರೆ ಫೆಬ್ರವರಿ–ಮಾರ್ಚ್. ಆ ಕಾಲದ ಎರಡನೇ ವಾರದ ಶುಕ್ರವಾರ ಗಾಡಿ ಹೊರಡಲಿ. ಯಾಕೆ ಅಂದರೆ, ಮಾರನೇ ದಿನ ಶನಿವಾರ ಚರ್ಚಿನ ಪೂಜೆಯಲ್ಲಿ ಓದೋ ಶುಭಸಂದೇಶ ಹೆಚ್ಚುಕಮ್ಮಿ ಪ್ರತೀ ವರ್ಷ ಇದೇ ದುಂದುಗಾರ ಮಗನ ಸಾಮತಿ. ಯಾವ ಪಾದ್ರಿಯ ಬಾಯಿಗೂ ಪ್ರಬೋಧನೆ ತುರುಕಬೇಕಾಗಿಲ್ಲ, ಪಂಚಾಂಗವೇ ಆ ಕೆಲಸ ಮಾಡಿದೆ. ಅಣ್ಣ ಕಂಬಕ್ಕೆ ಒರಗಿ ನಿಂತು ಕೇಳಿಸಿಕೊಂಡರೆ ಸಾಕು. ಇನ್ನೊಂದು ಲಾಭ: ಶುಕ್ರವಾರ ಮಾಂಸ ಬಿಟ್ಟವರು ಮಧ್ಯಾಹ್ನ ಊಟಕ್ಕೆ ನಿಲ್ಲೋದು ಮೊಟ್ಟೆಗೆ ಹೆಸರಾದ ನಾಮಕ್ಕಲ್‌ನಲ್ಲಿ. ಮೊಟ್ಟೆ ಮಾಂಸವೋ ಅಲ್ಲವೋ ಅನ್ನೋದೇ ಹತ್ತು ನಿಮಿಷದ ಸೀನು. (ಅಲ್ಲ, ತಿನ್ನಬಹುದು. ಆದರೆ ಅಮ್ಮ ಒಪ್ಪಬೇಕಲ್ಲ.)

ಗಾಡಿಯಲ್ಲಿ ಒಬ್ಬ ಪೆಂಟೆಕೋಸ್ಟಲ್ ಭಾವ ಇರಲಿ, ಮರಿಯಮ್ಮನ ಪ್ರತಿಮೆಗೆ ಕೈಮುಗಿಯದ ಪಂಗಡದವನು. “ಗಾಡೀಲಿ ಬರ್ತೀನಿ ಅತ್ತೆ, ಒಳಗೆ ಬರಲ್ಲ” ಅಂತ ಮೊದಲೇ ಹೇಳಿ ಹತ್ತಿದವನು. ಅವನನ್ನ ಗೇಲಿ ಮಾಡಬೇಡಿ, ಅವನ ನಂಬಿಕೆ ಅವನಿಗೆ. ವೇಳಾಂಕಣ್ಣಿಯಲ್ಲಿ ಎಲ್ಲರ ಚಪ್ಪಲಿ ಕಾಯೋಕೆ ಹೊರಗೆ ಕೂತಿರ್ತಾನೆ. ಪೂಜೆ ನಡುವೆ ಎದ್ದುಬಂದ ಅಣ್ಣನಿಗೆ ಅಲ್ಲಿ ಸಿಗೋ ಜೊತೆಗಾರ ಅವನೇ.

ಚರ್ಚು ಬಲ್ಲವರ ಕಣ್ಣಿಗೆ ಚುಚ್ಚೋ ತಪ್ಪುಗಳು ಬೇಗ ಹೇಳಿಬಿಡ್ತೀನಿ. ಗುರುಗಳು ಪೂಜೆಯ ಮೇಲುಡುಪು ಹಾಕಿಕೊಂಡು ಮನೆಗೆ ಕಾಫಿಗೆ ಬರಲ್ಲ. ಸಿಎಸ್‌ಐ ಅಂದರೆ ಪ್ರಾಟೆಸ್ಟಂಟರು, ಆ ಮನೆಯ ಅಜ್ಜಿ ಕೈಗೆ ಕ್ಯಾಥೊಲಿಕರ ಜಪಸರ ಕೊಡಬೇಡಿ. ಪಾಪನಿವೇದನೆಯಲ್ಲಿ, ಅಂದರೆ ಗುರುವಿನ ಮುಂದೆ ಪಾಪ ಒಪ್ಪಿಕೊಳ್ಳೋವಾಗ, ಕೇಳಿದ ಗುಟ್ಟನ್ನ ಫಾದರ್ ಬಂದು ಮನೆಯವರಿಗೆ ಹೇಳಿ ಕತೆ ಬಿಡಿಸೋದಂತೂ ಆಗಲೇಬಾರದು. ಹಾಗೆ ಗುಟ್ಟು ಒಡೆದ ಗುರುವಿಗೆ ಆ ಕ್ಷಣವೇ ಧರ್ಮಸಭೆಯಿಂದ ಬಹಿಷ್ಕಾರ.

ಕ್ಷಮೆಯ ಸೀನಿಗೆ ಬರೋಣ. “ನನ್ನನ್ನ ಕ್ಷಮಿಸಿಬಿಡಣ್ಣ” ಅನ್ನೋ ಮಾತು ನಮ್ಮ ಮನೆಗಳಲ್ಲಿ ಯಾರ ಬಾಯಲ್ಲೂ ಬರಲ್ಲ, ಡಬ್ಬಿಂಗ್ ಧಾರಾವಾಹಿಯ ಹಾಗೆ ಕೇಳುತ್ತೆ. ಪಾಪನಿವೇದನೆಯ ಕ್ರಮವನ್ನೇ ನೋಡಿ: ಪಶ್ಚಾತ್ತಾಪ, ಬಾಯಿಬಿಟ್ಟು ಹೇಳೋದು, ಆಮೇಲೆ ಪ್ರಾಯಶ್ಚಿತ್ತ. ಸಿನಿಮಾಗಳು ಎರಡಕ್ಕೇ ನಿಂತು ವಯಲಿನ್ ಶುರು ಮಾಡ್ತವೆ. ಮೂರನೇದೇ ಮುಖ್ಯ. ಬೈಬಲ್ಲಿನ ಅರಣ್ಯಕಾಂಡ 5:7ರ ಪ್ರಕಾರ ಅನ್ಯಾಯ ಮಾಡಿದವನು ಅಸಲು ಪೂರ್ತಿ ಕೊಟ್ಟು ಮೇಲೆ ಐದರಲ್ಲಿ ಒಂದು ಪಾಲು ಸೇರಿಸಬೇಕು. ಅಮ್ಮನ ಆಸ್ಪತ್ರೆ ಖರ್ಚು 6 ಲಕ್ಷ, ಮಕ್ಕಳು ಮೂವರು ಅಂದರೆ ತಮ್ಮನ ಪಾಲು 2 ಲಕ್ಷ, ಐದನೇ ಒಂದು ಸೇರಿ 2 ಲಕ್ಷ 40 ಸಾವಿರ. ಈಗ ತಮ್ಮ ತಬ್ಬಿಕೊಳ್ಳೋದು ಬೇಡ. ರಾತ್ರಿ ಲಾಡ್ಜಿನಲ್ಲಿ ಆ ಬಿಸ್ಕತ್ ಡಬ್ಬದ ಬಿಲ್ಲುಗಳನ್ನ ಒಂದೊಂದಾಗಿ ಕೂಡಿಸಲಿ, ತಪ್ಪು ಕೂಡಿಸಿ ಮತ್ತೆ ಮೊದಲಿಂದ ಶುರು ಮಾಡಲಿ. ಬೆಳಿಗ್ಗೆ ಪೂಜೆ ನಡೀತಿರೋವಾಗ ಅಣ್ಣನ ಜೇಬಲ್ಲಿ ಟಿಣ್. ಟೋಲ್ ಅಂದುಕೊಂಡು ಫೋನ್ ತೆಗೆದು ನೋಡಿದರೆ ದುಡ್ಡು ಕಟ್ಟಾಗಿಲ್ಲ, ಬಂದಿದೆ. ಅದಕ್ಕೇ ಅವನು ಎದ್ದು ಹೊರಗೆ ಹೋಗೋದು.

ಒಳಗೆ ವಾಪಸ್ ಬರ್ತಾನಾ? ಲೂಕನೂ ಹೇಳಿಲ್ಲ. ಅಪ್ಪ ಹೊರಗೆ ಬಂದು ಬೇಡಿಕೊಳ್ಳೋದರಲ್ಲೇ ಸಾಮತಿ ಮುಗಿಯುತ್ತೆ, ಅಣ್ಣನ ಉತ್ತರ ಬರೆದಿಲ್ಲ. ನೀವೂ ಬರೆಯಬೇಡಿ.

ಎಲ್ಲರನ್ನೂ ಒಂದೇ ಸೂರಿನಡಿ ಸೇರಿಸೋ ಚಪಲವನ್ನೂ ಬಿಡಿ. ಆದಿಕಾಂಡದ ಯಕೋಬ ಅಣ್ಣ ಏಸಾವನಿಗೆ ಹೆದರಿ 200 ಮೇಕೆ, 20 ಹೋತ, 200 ಕುರಿ, 20 ಟಗರು, ಮರಿ ಸಮೇತ 30 ಒಂಟೆ, 40 ಹಸು, 10 ಹೋರಿ, 20 ಹೆಣ್ಣುಕತ್ತೆ, 10 ಗಂಡುಕತ್ತೆ ಮುಂದಾಗಿ ಕಳಿಸಿದ. ಅದೂ ಒಟ್ಟಿಗಲ್ಲ, ಹಿಂಡು ಹಿಂಡಾಗಿ, ನಡುವೆ ಅಂತರ ಬಿಟ್ಟು, ಅಣ್ಣನ ಸಿಟ್ಟು ಕಂತಿನಲ್ಲಿ ಇಳೀಲಿ ಅಂತ. ಕಾಮಿಡಿ ಟೈಮಿಂಗ್ ಅಂದರೆ ಅದು. ಇಬ್ಬರೂ ತಬ್ಬಿಕೊಂಡು ಅತ್ತರು ನಿಜ. ಆಮೇಲೆ ಏಸಾವ್ ಜೊತೆಗೆ ಬಾ ಅಂದರೆ ಯಕೋಬ, ನೀನು ಮುಂದೆ ಹೋಗಿರು, ಮಕ್ಕಳು ಮರಿ ಇವೆ, ನಿಧಾನಕ್ಕೆ ನಿನ್ನ ಸೇಯೀರಿಗೆ ಬರ್ತೀನಿ ಅಂತ ಹೇಳಿ ನೆಟ್ಟಗೆ ಸುಕ್ಕೋತಿಗೆ ಹೋಗಿ ಅಲ್ಲೇ ಮನೆ ಕಟ್ಟಿಕೊಂಡ. ರಾಜಿಯೂ ಆಯ್ತು, ದೂರವೂ ಉಳೀತು. ನಿಮ್ಮ ತಮ್ಮನೂ ಮನೆಯಲ್ಲಿ ಉಳಿಯೋದು ಬೇಡ, ರಜೆ ಮುಗೀತು, ಬೆಂಗಳೂರಿಗೆ ಬಂದು ವಿಮಾನ ಹತ್ತಲಿ.

ಅದಕ್ಕೂ ಮುಂಚೆ ತೊಪ್ಪೂರಿನ ಏರು ಇದೆ. ಆರು ಜನರ ಭಾರ, 796 ಸಿಸಿ ಇಂಜಿನ್, ಮಧ್ಯಾಹ್ನದ ಬಿಸಿಲು, ಮುಂದೆ ತೆವಳೋ ಲಾರಿ. ಟೆಂಪರೇಚರ್ ಮುಳ್ಳು ಕೆಂಪಿಗೆ ಏರಿ ಗಾಡಿ ನಿಲ್ಲುತ್ತೆ. ಅಮ್ಮ ತಾನೇ ಇಳೀತಾಳೆ. ರೇಡಿಯೇಟರ್ ಮುಚ್ಚಳಕ್ಕೆ ಈಗಲೇ ಕೈ ಹಾಕಿದರೆ ಕುದಿಯೋ ನೀರು ಮುಖಕ್ಕೆ ಚಿಮ್ಮುತ್ತೆ, ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರಿಯಬಹುದು. ಅರ್ಧ ಗಂಟೆ ಕಾಯಬೇಕು, ಬೇರೆ ದಾರಿಯಿಲ್ಲ. ಅಣ್ಣ ತಮ್ಮ ರಸ್ತೆ ಬದಿಯ ತಡೆಗೋಡೆ ಮೇಲೆ ಕೂರ್ತಾರೆ, ಮಧ್ಯೆ ನೀರಿನ ಕ್ಯಾನು. ಆಮೇಲೆ ತಮ್ಮ ದಪ್ಪ ಬಟ್ಟೆ ಮಡಚಿ ಮುಚ್ಚಳದ ಮೇಲಿಟ್ಟು ಕಾಲು ಸುತ್ತು ತಿರುಗಿಸಿ ನಿಲ್ಲಿಸ್ತಾನೆ, ಹಬೆ ಪೂರ್ತಿ ಹೋಗೋತನಕ. ಅಣ್ಣ ನೋಡ್ತಾನೆ, ಏನೂ ಅನ್ನಲ್ಲ. ಆ ಸೀನಿಗೆ ಹಿನ್ನೆಲೆ ಸಂಗೀತ ಹಾಕಬೇಡಿ, ಲಾರಿ ಹಾರ್ನು ಸಾಕು.